ಎರೆಮಣ್ಣಿನಲ್ಲಿ ಪಾಯ

ವಿಜಯಪುರ ಜಿಲ್ಲೆಯ ಆಲಮೇಲದ ಸುತ್ತಿನ ಎರೆಭೂಮಿಯಲ್ಲಿ ಮನೆ ಕಟ್ಟಲು ಹೊರಟವರಿಗೆ ಗೌಂಡಿ ಮೊದಲು ಹೇಳುವ ಮಾತು ಪಾಯದ್ದು. ಮಳೆಗೆ ಉಬ್ಬಿ, ಬೇಸಗೆಗೆ ಕೈ ಇಳಿಯುವಷ್ಟು ಬಿರಿಯುವ ಕಪ್ಪು ಮಣ್ಣಿದು. ಗಟ್ಟಿ ಗರಸು ಹತ್ತುವ ತನಕ ಅಗೆಯದೆ ಕಲ್ಲು ಕೂರಿಸಿದರೆ ಗೋಡೆ ಬಾಯಿಬಿಡಲು ಎರಡು ಮಳೆಗಾಲ ಸಾಕು. ನೆಲದೊಳಗೆ ಹೂತುಹೋಗುವ ದುಡ್ಡು ಅಂತ ಗೊಣಗುತ್ತಲೇ ಜನ ಅದಕ್ಕೆ ಖರ್ಚು ಮಾಡುತ್ತಾರೆ. ಮಕ್ಕಳ ಓದಿನಲ್ಲಿ ಮಾತ್ರ ಈ ಬುದ್ಧಿ ಕೈಕೊಡುತ್ತದೆ. ಅಲ್ಲಿ ಎಲ್ಲರ ಕಣ್ಣೂ ಮಾಳಿಗೆಯ ಮೇಲೆ. ಪದವಿಯ ಪಾಠಕ್ಕೆ ಮುನ್ನ ಒಂದು ವರ್ಷ ತಯಾರಿ ಮಾಡಿಸುವ ‘ಬುನಾದಿ ವರ್ಷ’ ಮನಃಶಾಸ್ತ್ರಕ್ಕೆ ಬೇಕೇ ಎಂದರೆ ನನ್ನ ತೀರ್ಮಾನ ಒಂದೇ: ಈ ವಿಷಯಕ್ಕೆ ಅಂಥದೊಂದು ವರ್ಷ ಬೇಕೇ ಬೇಕು, ನಮ್ಮಂಥ ಊರುಗಳಿಂದ ಹೋಗುವವರಿಗಂತೂ ಇನ್ನೂ ಬೇಕು. ಆದರೆ ಅದು ಪಾಯವಾಗುತ್ತದೋ ಬರೀ ತಗ್ಗಾಗಿ ಉಳಿಯುತ್ತದೋ ಎಂಬುದು ಅದರೊಳಗೆ ಏನು ತುಂಬುತ್ತೇವೆ ಎಂಬುದರ ಮೇಲಿದೆ.

ಮನಃಶಾಸ್ತ್ರಕ್ಕೆ ಬರುವವರು ಯಾರು ಎಂದು ಮೊದಲು ನೋಡಬೇಕು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಪಿಯುಸಿಯಲ್ಲಿ ವಿಜ್ಞಾನ ಹಿಡಿದವರು ನೀಟ್, ಸಿಇಟಿ ಎಂದು ಓಡುತ್ತಿರುತ್ತಾರೆ. ಅವರ ಪಟ್ಟಿಯಲ್ಲಿ ಮನಃಶಾಸ್ತ್ರ ಇರುವುದು ಅಪರೂಪ. ಬಿ.ಎ.ಯಲ್ಲಿ ಇದನ್ನು ಆರಿಸಿಕೊಳ್ಳುವವರು ಬಹುಪಾಲು ಕಲಾ ವಿಭಾಗದಿಂದ ಬಂದವರು. ಅವರ ಗಣಿತ ಎಸ್ಸೆಸ್ಸೆಲ್ಸಿಗೇ ಮುಗಿದಿರುತ್ತದೆ, ಜೀವಶಾಸ್ತ್ರವೂ ಅಲ್ಲಿಗೇ. ಪದವಿಯಲ್ಲಿ ಕಾದಿರುವುದು ನರಕೋಶ, ಮಿದುಳಿನ ಭಾಗಗಳು, ಸರಾಸರಿ, ವಿಚಲನೆ, ಸಹಸಂಬಂಧ, ಮ್ಯೂಲರ್-ಲಯರ್ ಭ್ರಮೆಯ ಗೆರೆಗಳನ್ನು ಮಿಲಿಮೀಟರಿನಲ್ಲಿ ಅಳೆದು ಕೋಷ್ಟಕ ತುಂಬುವ ಪ್ರಯೋಗ. ಎದುರಿಗಿದ್ದವರ ಮನಸ್ಸು ಓದಬಹುದು ಎಂದುಕೊಂಡು ಬಂದವರಿಗೆ ಇದು ತಪ್ಪು ಬಸ್ಸು ಹತ್ತಿದಂತೆ ಅನ್ನಿಸುತ್ತದೆ. ತಮಾಷೆಯೆಂದರೆ ಪಿಯುಸಿ ಎಂಬ ಹೆಸರಿನ ಅರ್ಥವೇ ವಿಶ್ವವಿದ್ಯಾಲಯಕ್ಕೆ ಮುಂಚಿನ ಓದು. ಒಂದು ಕಾಲಕ್ಕೆ ಅದು ವಿಶ್ವವಿದ್ಯಾಲಯಗಳ ಕೈಯಲ್ಲೇ ಇದ್ದ ಒಂದು ವರ್ಷದ ಬುನಾದಿ. ಎಪ್ಪತ್ತರ ದಶಕದಲ್ಲಿ ಅದು ಎರಡು ವರ್ಷವಾಗಿ, ಆಮೇಲೆ ತಾನೇ ಒಂದು ದೊಡ್ಡ ಪರೀಕ್ಷೆಯಾಗಿ ಬೆಳೆದು, ಯಾವುದಕ್ಕೆ ಮುನ್ನುಡಿಯಾಗಬೇಕಿತ್ತೋ ಅದನ್ನು ಮರೆಯಿತು. ಹೆಸರು ಉಳಿಯಿತು, ಕೆಲಸ ಹೋಯಿತು.

ನಮ್ಮ ರಾಜ್ಯದಲ್ಲಿ ಪದವಿಗೆ ಒಂದು ವರ್ಷ ಹೆಚ್ಚಿಗೆ ಸೇರಿಸುವ ಪ್ರಯೋಗ ಈಚೆಗಷ್ಟೇ ನಡೆದು ಮುಗಿದಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷಕ್ಕೇ ಮರಳಿದೆವು. ಅದರ ಪರ-ವಿರೋಧ ರಾಜಕೀಯದ ಗದ್ದಲದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಆ ಹೆಚ್ಚಿನ ವರ್ಷವನ್ನು ಎಲ್ಲಿಟ್ಟರು? ಕೊನೆಯಲ್ಲಿ. ಮೂರು ವರ್ಷ ದಾಟಿ ಸಂಶೋಧನೆಗೆ ಹೋಗಬಲ್ಲ ಗಟ್ಟಿಗರಿಗಾಗಿ ಇಟ್ಟರು. ಮೊದಲ ಸೆಮಿಸ್ಟರಿನಲ್ಲೇ ಎಡವುವವರಿಗೆ ಸಿಕ್ಕಿದ್ದು ಡಿಜಿಟಲ್ ಫ್ಲೂಯೆನ್ಸಿ, ಯೋಗ, ಪರಿಸರ ಅಧ್ಯಯನದಂಥ ಎಲ್ಲರಿಗೂ ಒಂದೇ ಅಳತೆಯ ಪತ್ರಿಕೆಗಳು. ಒಂದು ವರ್ಷ ಹೆಚ್ಚಿಗೆ ಕೊಡುವ ಮನಸ್ಸಿದ್ದರೆ ಅದನ್ನು ಬಾಗಿಲಲ್ಲೇ ಕೊಡಬೇಕಿತ್ತು. ಮಾಳಿಗೆಯ ಮೇಲೆ ಇನ್ನೊಂದು ಮಾಳಿಗೆ ಏರಿಸಿ, ಅದು ನಿಲ್ಲಲಿಲ್ಲವೆಂದು ಕೆಡವಿದೆವು.

ಇಷ್ಟು ಹೇಳಿದಾಗ ಬರುವ ಮೊದಲ ಆಕ್ಷೇಪ, ಮನಸ್ಸಿನ ಶಾಸ್ತ್ರಕ್ಕೆ ಲೆಕ್ಕ ಯಾಕೆ, ಕರುಣೆ ಮತ್ತು ತಾಳ್ಮೆ ಸಾಲದೇ ಎಂಬುದು. ಕನ್ನಡ ನಾಡಿನಲ್ಲಿ ಈ ವಿಷಯ ಹುಟ್ಟಿದ ಬಗೆಯೇ ಇದಕ್ಕೆ ಅರ್ಧ ಉತ್ತರ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಓದಿದ್ದು ಚಾರ್ಲ್ಸ್ ಸ್ಪಿಯರ್‌ಮನ್ ಕೈಕೆಳಗೆ. ಶ್ರೇಣಿ ಸಹಸಂಬಂಧದ ಸೂತ್ರ ಕೊಟ್ಟ ಅದೇ ಸ್ಪಿಯರ್‌ಮನ್. (1935ರಲ್ಲಿ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿ ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದವರೆಂದೇ ಗೋಪಾಲಸ್ವಾಮಿಯವರನ್ನು ನಾವು ನೆನೆಯುತ್ತೇವೆ, ಅವರ ಪ್ರಯೋಗಶಾಲೆಯ ನೆನಪು ಯಾರಿಗಿದೆ?) ಉಳಿದರ್ಧ ಉತ್ತರ ಇನ್ನೂ ಹತ್ತಿರದ್ದು. ಮುಂಬಯಿ ಕರ್ನಾಟಕದ ವಿ.ವಿ. ಕಾಮತ್ ಅಮೆರಿಕದ ಸ್ಟ್ಯಾನ್‌ಫರ್ಡ್-ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದಶಕಗಳ ಕಾಲ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಾಗಿದೆ. ಅದರಲ್ಲಿ ಮಗುವಿನ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು ಬುದ್ಧಿಲಬ್ಧ, ಅಂದರೆ ಐಕ್ಯೂ.

ಈಗ ನಮ್ಮೂರಿನ ಒಂದು ಸಂಗತಿಯನ್ನು ಇದರ ಪಕ್ಕಕ್ಕಿಡಿ. ನಮ್ಮ ಕಡೆ ಎಷ್ಟೋ ಜನರ ಜನ್ಮದಿನ ಜೂನ್ 1. ಹುಟ್ಟಿದ ತಾರೀಖು ಮನೆಯವರಿಗೆ ಗೊತ್ತಿಲ್ಲದಾಗ, ಶಾಲೆಗೆ ಸೇರಿಸಲು ವಯಸ್ಸು ತುಂಬದಿದ್ದಾಗ, ಮಾಸ್ತರರು ಬರೆದುಕೊಂಡ ತಾರೀಖು ಅದು. ಮಗುವಿನ ಮಾನಸಿಕ ವಯಸ್ಸು ಐದೂವರೆ ವರ್ಷ, ಅಂದರೆ 66 ತಿಂಗಳು ಎಂದು ಪರೀಕ್ಷೆಯಲ್ಲಿ ಬಂತು ಅನ್ನಿ. ಶಾಲೆಯ ದಾಖಲೆಯಲ್ಲಿ ಅದಕ್ಕೆ 8 ವರ್ಷ, ಅಂದರೆ 96 ತಿಂಗಳು, ಐಕ್ಯೂ 69. ಅವ್ವನ ಲೆಕ್ಕದಲ್ಲಿ ಅದಕ್ಕಿನ್ನೂ 7 ವರ್ಷ, ಅಂದರೆ 84 ತಿಂಗಳು, ಐಕ್ಯೂ 79. ಬೌದ್ಧಿಕ ನ್ಯೂನತೆ ಎಂದು ಹೇಳಲು ಸಾಮಾನ್ಯವಾಗಿ ಹಿಡಿಯುವ ಗೆರೆ ಸುಮಾರು 70. ಮಗು ಅದೇ, ಅದು ಕೊಟ್ಟ ಉತ್ತರಗಳೂ ಅವೇ. ಒಂದು ವಯಸ್ಸಿನಲ್ಲಿ ಗೆರೆಯ ಕೆಳಗೆ, ಇನ್ನೊಂದರಲ್ಲಿ ಮೇಲೆ. ಇದರ ಮೇಲೆ, ಯಾವ ಪರೀಕ್ಷೆಯ ಅಂಕಕ್ಕೂ ಆಚೀಚೆ ಒಂದಿಷ್ಟು ತಪ್ಪಿನ ಅಂತರ ಇದ್ದೇ ಇರುತ್ತದೆ. ಅದನ್ನು ಅರಿಯದವರು 69ನ್ನು ಕಲ್ಲಿನ ಮೇಲೆ ಕೆತ್ತಿದಂತೆ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಇಲ್ಲಿ ಕರುಣೆಯೆಂದರೆ ಭಾಗಾಕಾರ ಮಾಡುವ ಮುನ್ನ ಛೇದವನ್ನು ಅನುಮಾನಿಸುವುದು: ‘ಯವ್ವಾ, ಹಡದಾಗ ಜ್ವಾಳ ರಾಶಿ ನಡದಿತ್ತೋ, ತೊಗರಿ ಬಿತ್ತಿದ್ರೋ?’ ಎಂದು ಕೇಳುವುದು. ಬುನಾದಿ ವರ್ಷದಲ್ಲಿ ಸಂಖ್ಯಾಶಾಸ್ತ್ರ ಬೇಕೆನ್ನುವುದು ಸೂತ್ರ ಬಾಯಿಪಾಠ ಮಾಡಿಸಲಿಕ್ಕಲ್ಲ, ಈ ಅನುಮಾನ ಹುಟ್ಟಲಿ ಎಂದು.

ಇನ್ನೊಂದು ಅಂಶವನ್ನು ನಾನು ನೋಡಿದ ಯಾವ ಬುನಾದಿ ಪಠ್ಯಕ್ರಮವೂ ಗಂಭೀರವಾಗಿ ಎತ್ತಿಕೊಂಡಿಲ್ಲ: ಜನರ ಮಾತು. ‘ಖಿನ್ನತೆ’ ಪಠ್ಯಪುಸ್ತಕದ ಪದ. ಆಲಮೇಲದ ಸಂತೆಯಲ್ಲಿ ಯಾರೂ ನನಗೆ ಖಿನ್ನತೆಯಾಗಿದೆ ಅನ್ನುವುದಿಲ್ಲ. ‘ಜೀವಕ್ಕ ಬ್ಯಾಸರಾಗ್ಯದ’, ‘ಎದಿ ಜಲ್ ಅಂತದ’, ‘ಮನಸಿಗಿ ಹಚಗೊಂಡಾನ’, ‘ತೆಲಿ ಗರ್ ಅಂತದ’, ಇಲ್ಲವೇ ‘ಗಾಳಿ ಸೋಕ್ಯದ’ ಅನ್ನುತ್ತಾರೆ. ಖಿನ್ನತೆ ಅಳೆಯುವ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ ಎಂಬ ಜಗತ್ಪ್ರಸಿದ್ಧ ಪಟ್ಟಿ ಕಳೆದೆರಡು ವಾರದಲ್ಲಿ ಎಷ್ಟು ದಿನ ಯಾವುದರಲ್ಲೂ ಆಸಕ್ತಿ ಇರಲಿಲ್ಲ ಎಂದು ಕೇಳುತ್ತದೆ. ಗುಳೆ ಹೋಗಿ ಬಂದು, ಕಬ್ಬು ಕಡಿಯುವ ಕೆಲಸ ಮುಗಿಸಿ ಕೂತ ಹೆಣ್ಣುಮಗಳಿಗೆ ‘ಆಸಕ್ತಿ’ ಎಂಬ ಪದವೇ ಹೊರಗಿನದು. ‘ಉಣ್ಣಾಕ, ಮಾತಾಡಾಕ ಮನಸಾಗ್ತದೇನು?’ ಎಂದರೆ ಉತ್ತರ ಬರುತ್ತದೆ. ಭೀಮೆಯ ಆಚೆ ದಂಡೆಗೆ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಹೋದರೆ ಇದು ಇನ್ನೂ ನಿಚ್ಚಳ. ದತ್ತನ ಸನ್ನಿಧಿಗೆ ‘ಗಾಳಿ ಹಿಡಿದವರನ್ನು’ ದೂರದೂರದಿಂದ ಕರೆತರುತ್ತಾರೆ. ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ಕಂಬ ಹತ್ತಿ ಚೀರುವವರು, ತಲೆಗೂದಲು ಬಿಚ್ಚಿ ತೂಗುವವರು ಕಾಣುತ್ತಾರೆ. ಅದನ್ನು ಮೂಢನಂಬಿಕೆ ಎಂದು ಒಂದೇ ಪದದಲ್ಲಿ ಮುಗಿಸುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಅಷ್ಟು ಅವಸರ ಮಾಡುವುದಿಲ್ಲ: ಮೈಮೇಲೆ ಬರುವುದು ಆ ಸಮುದಾಯ ಒಪ್ಪಿದ ಧಾರ್ಮಿಕ ಆಚರಣೆಯ ಭಾಗವಾಗಿದ್ದರೆ ಅದು ಕಾಯಿಲೆಯಲ್ಲ, ಅದರಾಚೆ ಬೇಡದೆ ಬಂದು ಬದುಕನ್ನು ಕೆಡಿಸಿದರೆ ಕಾಯಿಲೆ ಎನ್ನುತ್ತದೆ. ಈ ಎರಡರ ನಡುವಿನ ಗೆರೆ ಗುರುತಿಸಲು ಗಾಣಗಾಪುರಕ್ಕೆ ಹೋಗುವ ಜನರ ನಡುವೆ ಬೆಳೆದವರಿಗಿಂತ ಯೋಗ್ಯರು ಯಾರು? ಆದರೆ ಮೊದಲ ದಿನದಿಂದ ಫ್ರಾಯ್ಡನ ವಿಯೆನ್ನಾ ಓದಿಸಿದರೆ ಅವರು ತಮ್ಮ ಊರಿನ ತಿಳಿವಳಿಕೆಯನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುತ್ತಾರೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಹೆಚ್ಚಿನ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರು ಶೇ 70ಕ್ಕೂ ಮೇಲೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ಕೂತರೂ, ‘ಗಾಳಿ’ ಎಂಬ ಮಾತಿಗೆ ಕಿವಿಗೊಡುವವರು ಅಲ್ಲಿ ಇಲ್ಲದಿದ್ದರೆ ರೋಗಿ ಬುಧವಾರಕ್ಕೆ ಗಾಣಗಾಪುರದ ಬಸ್ ಹತ್ತಿರುತ್ತಾನೆ.

ಇಂಗ್ಲಿಷ್ ಬೇಡವೇ ಎಂದರೆ ಬೇಕು. ಮೇಲಿನ ಓದಿನ ಪುಸ್ತಕಗಳು ಅದರಲ್ಲೇ ಇವೆ. ಮಾತಾಡುವ ಇಂಗ್ಲಿಷಿಗಿಂತ ಓದುವ ಇಂಗ್ಲಿಷ್ ಬೇಕು, ಬುನಾದಿ ವರ್ಷದಲ್ಲಿ ಕಲಿಯಬಹುದಾದದ್ದೂ ಅಷ್ಟೇ. ಕನ್ನಡದಲ್ಲಿ ಸರಕಿಲ್ಲ ಎನ್ನುವವರಿಗೆ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದನ್ನೂ, ಸಿ.ಆರ್. ಚಂದ್ರಶೇಖರ್ ಬರೆದ ಪುಸ್ತಕಗಳ ರಾಶಿಯನ್ನೂ ನೆನಪಿಸಿದರೆ ಸಾಕು.

ಗಟ್ಟಿಯಾದ ಆಕ್ಷೇಪ ದುಡ್ಡಿನದು, ವರ್ಷದ್ದು. ಒಂದು ವರ್ಷವೆಂದರೆ ಬಡ ಮನೆಗೆ ಒಂದು ವರ್ಷದ ಕೂಲಿ. ಹುಡುಗಿಯಾದರೆ ಮದುವೆಯ ಒತ್ತಡ ಇನ್ನೊಂದು ವರ್ಷ ತಡೆದುಕೊಳ್ಳಬೇಕು. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೂ ಲೆಕ್ಕ ಪೂರ್ತಿ ಮಾಡೋಣ. ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ನೋಂದಾಯಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಬೇಕು. ಇಷ್ಟು ವರ್ಷ ಅದು ಎಂ.ಎ. ಮೇಲೆ ಎರಡು ವರ್ಷದ ಎಂ.ಫಿಲ್. ಆಗಿತ್ತು. ಮೂರು, ಎರಡು, ಎರಡು, ಒಟ್ಟು ಏಳು ವರ್ಷ. ಬರೀ ಬಿ.ಎ. ಮನಃಶಾಸ್ತ್ರಕ್ಕೆ ಆ ಬಾಗಿಲು ತೆರೆಯುವುದಿಲ್ಲ. ಏಳು ವರ್ಷದ ದಾರಿಯಲ್ಲಿ ಮೂರನೆಯ ವರ್ಷಕ್ಕೆ ಸಂಖ್ಯಾಶಾಸ್ತ್ರಕ್ಕೆ ಹೆದರಿ ನಿಂತವರು ಕಳೆದುಕೊಂಡದ್ದು ಮೂರು ವರ್ಷ. ಬುನಾದಿ ವರ್ಷದ ಕೊನೆಗೆ ಇದು ತನ್ನದಲ್ಲವೆಂದು ತಿಳಿದವರು ಕಳೆದುಕೊಂಡದ್ದು ಒಂದು. ಇಷ್ಟಾದರೂ ಶುಲ್ಕ ವಿದ್ಯಾರ್ಥಿಯ ತಲೆಗೆ ಬಿದ್ದರೆ ನನ್ನ ವಾದ ಸೋಲುತ್ತದೆ. ಇಂಗ್ಲೆಂಡಿನಲ್ಲಿ ಇಂಥ ವರ್ಷ ಕಾಲೇಜುಗಳ ಆದಾಯದ ಮೂಲವಾಗಿ, ಕೊನೆಗೆ ಸರ್ಕಾರವೇ 2025-26ರಿಂದ ತರಗತಿ ಪಾಠ ಪ್ರಧಾನವಾದ ವಿಷಯಗಳಿಗೆ 5,760 ಪೌಂಡುಗಳ ಮಿತಿ ಹಾಕಬೇಕಾಯಿತು. ನಮ್ಮಲ್ಲಿ ಅದು ಸರ್ಕಾರಿ ಕಾಲೇಜಿನಲ್ಲಿ, ವಿದ್ಯಾರ್ಥಿವೇತನದ ಸಮೇತ ಬಂದರಷ್ಟೇ ಸರಿ. ಒಂದು ಹೊಳೆಯ ಎರಡು ದಂಡೆಗೆ ಎರಡು ನ್ಯಾಯ ಇರುವ ನಾಡಿನಲ್ಲಿ ಇದನ್ನು ಒತ್ತಿ ಹೇಳಲೇಬೇಕು: ಆಚೆ ಅಫಜಲಪುರದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ, ಈಚೆ ಆಲಮೇಲಕ್ಕೆ ಇಲ್ಲ, ಬಿಸಿಲು, ಎರೆಭೂಮಿ, ಭೀಮೆಯ ನೆರೆ ಮಾತ್ರ ಇಬ್ಬರಿಗೂ ಒಂದೇ.

ದಿಲ್ಲಿಯಲ್ಲಿ ಬುನಾದಿ ಪಾಠ ಸೋತಿತಲ್ಲ ಎನ್ನುವವರೂ ಇದ್ದಾರೆ. 2013ರಲ್ಲಿ ದಿಲ್ಲಿ ವಿಶ್ವವಿದ್ಯಾಲಯ ನಾಲ್ಕು ವರ್ಷದ ಪದವಿಗೆ 11 ಕಡ್ಡಾಯ ಬುನಾದಿ ಪತ್ರಿಕೆಗಳನ್ನು ಇಟ್ಟು, ಮರುವರ್ಷವೇ ಎಲ್ಲವನ್ನೂ ಕೈಬಿಟ್ಟಿತು. ಗಣಿತದ ಆನರ್ಸ್ ವಿದ್ಯಾರ್ಥಿಗೂ ಇತಿಹಾಸದವನಿಗೂ ಒಂದೇ ಗಣಿತ ಪತ್ರಿಕೆ ಇದ್ದರೆ ಸೋಲದೆ ಇನ್ನೇನು. ಬುನಾದಿ ಎಂದರೆ ದಡ್ಡರ ತರಗತಿ ಎಂಬ ಹಣೆಪಟ್ಟಿಯ ಭಯ ಮಾತ್ರ ನಿಜವಾದದ್ದು, ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಅಂಕ ನೋಡಿ ಕೆಲವರನ್ನಷ್ಟೇ ಆ ತರಗತಿಗೆ ಕಳಿಸಿದರೆ ಹಣೆಪಟ್ಟಿ ತಪ್ಪಿದ್ದಲ್ಲ. ನೀಟ್ ಗೆದ್ದು ಎಂಬಿಬಿಎಸ್ ಸೇರುವ ಪ್ರತಿಯೊಬ್ಬರಿಗೂ 2019ರಿಂದ ಆರಂಭದಲ್ಲೇ ಒಂದು ಬುನಾದಿ ಕೋರ್ಸ್ ಇದೆ, ಅದರಲ್ಲಿ ಸ್ಥಳೀಯ ಭಾಷೆಯ ಪಾಠವೂ ಇದೆ. ಅವರನ್ನು ಯಾರೂ ದಡ್ಡರು ಅನ್ನುವುದಿಲ್ಲ, ಯಾಕೆಂದರೆ ಎಲ್ಲರೂ ಅದನ್ನು ದಾಟಿಯೇ ಹೋಗಬೇಕು.

ಈಗ ಈ ಮಾತಿಗೆ ಅವಸರವಿದೆ. ಕಾಲೇಜು ದೂರವಿದ್ದವರು ದೂರಶಿಕ್ಷಣದಲ್ಲಿ ಮನಃಶಾಸ್ತ್ರ ಓದುವ ದಾರಿಯೊಂದಿತ್ತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಅದನ್ನೂ ಆನ್‌ಲೈನ್ ಓದನ್ನೂ ಯುಜಿಸಿ ನಿಲ್ಲಿಸಿದೆ. ಇನ್ನು ತರಗತಿಯಲ್ಲಿ ಕೂತೇ ಕಲಿಯಬೇಕು, ಅಂದರೆ ಊರು ಬಿಡಬೇಕು. ಆದ್ದರಿಂದ ಜೂನಿನಲ್ಲಿ ಅರ್ಜಿ ತುಂಬುವ ಮುನ್ನ ಕಾಲೇಜಿನಲ್ಲಿ ಎರಡು ಪ್ರಶ್ನೆ ಕೇಳಿ: ಮನಃಶಾಸ್ತ್ರದ ಪ್ರಯೋಗಶಾಲೆ ಬೀಗ ತೆಗೆದಿದೆಯೇ, ಸಂಖ್ಯಾಶಾಸ್ತ್ರ ಯಾರು ಕಲಿಸುತ್ತಾರೆ? ಬುನಾದಿ ವರ್ಷ ಬರುವ ತನಕ, ಪಿಯುಸಿ ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗಿನ ಆ ಎರಡು-ಮೂರು ತಿಂಗಳೇ ನಿಮ್ಮ ಬುನಾದಿ. ಎಸ್ಸೆಸ್ಸೆಲ್ಸಿಯ ಗಣಿತ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಅದರಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಯವಿದೆ.