ಸಾಗರ ಟಗ್ ನೌಕೆಯ ಎಳೆತ ಮತ್ತು ವರ್ತಕನ ಪಾಲಿನ ವೆಚ್ಚ

ಮುಧೋಳ, ಜಮಖಂಡಿ, ಬೀಳಗಿ ಭಾಗದ ಸಕ್ಕರೆಯಾಗಲಿ, ರಬಕವಿ-ಬನಹಟ್ಟಿಯ ಜವಳಿಯಾಗಲಿ ಕಡಲ ಮಾರ್ಗವಾಗಿ ಪರದೇಶಕ್ಕೆ ಹೊರಟಾಗ, ಅಥವಾ ಅಲ್ಲಿಂದ ಇಲ್ಲಿಗೆ ಯಂತ್ರೋಪಕರಣಗಳು ಬರುವಾಗ, ಸರಕಿನ ಭವಿತವ್ಯವು ಹಡಗಿನ ಭವಿತವ್ಯದೊಡನೆ ಬೆಸೆದುಕೊಳ್ಳುತ್ತದೆ. ನಡುಗಡಲಿನಲ್ಲಿ ಕೆಟ್ಟು ನಿಂತ ಹಡಗನ್ನು ಎಳೆದು ತಂದ ವೆಚ್ಚದಲ್ಲಿ, ತನ್ನ ಸರಕಿಗೆ ಎಳ್ಳಷ್ಟೂ ಹಾನಿಯಾಗದ ವರ್ತಕನೂ ಪಾಲು ಕೊಡಬೇಕಾಗುತ್ತದೆ. ಈ ನಿಯಮದ ಮರ್ಮವನ್ನರಿಯಲು ಇಪ್ಪತ್ತನೆಯ ಶತಮಾನದ ಮಧ್ಯಭಾಗದ ನೌಕಾಪಡೆಯ ಸಾಗರ ಟಗ್‌ಗಳ ವೃತ್ತಾಂತವು ಉಪಯುಕ್ತವಾಗಿದೆ.

ಸಾಗರ ಟಗ್‌ನ ಸ್ವರೂಪ

ನವ ಮಂಗಳೂರಿನಂತಹ ಬಂದರಿನಲ್ಲಿ ಹಡಗನ್ನು ಬರ್ತ್‌ಗೆ ತಂದು ನಿಲ್ಲಿಸುವ ಟಗ್‌ನ ಕಾರ್ಯವು ಕೆಲವೇ ಗಂಟೆಗಳದ್ದು. ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ನಿರ್ಮಿಸಿದ 62 ಟನ್ ಎಳೆಬಲದ ಟಗ್‌ಗಳು ಈ ವರ್ಗಕ್ಕೆ ಸೇರಿದವು. ಸಾಗರ ಟಗ್ ಹಾಗಲ್ಲ. ಅದು ವಾರಗಟ್ಟಲೆ ತೆರೆದ ಕಡಲಿನಲ್ಲಿದ್ದು, ನೂರಾರು ಮೈಲಿ ದೂರದಿಂದ ಹಡಗನ್ನು ಎಳೆದು ತರಬೇಕು. ಆದುದರಿಂದ ಅದಕ್ಕೆ ಹೆಚ್ಚಿನ ಇಂಧನ, ನೀರೆತ್ತುವ ಪಂಪು ಮತ್ತು ಬೆಂಕಿ ನಂದಿಸುವ ಸಾಧನಗಳು ಅವಶ್ಯ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಹೆನ್ರಿ ರಾಬ್ ಸಂಸ್ಥೆಯು 'ಬಸ್ಲರ್' ವರ್ಗದ 8 ಟಗ್‌ಗಳನ್ನು ಕಟ್ಟಿತು. ಅವುಗಳ ಉದ್ದ ಸುಮಾರು 205 ಅಡಿ; ಚಾಲನೆಗೆ ಎರಡು ಡೀಸೆಲ್ ಯಂತ್ರಗಳು. ಶತ್ರುವಿನ ದಾಳಿಗೀಡಾದ ಸರಕು ಹಡಗುಗಳನ್ನು ಉಳಿಸಿ ತರುವುದು ಇಂತಹ ಟಗ್‌ಗಳ ಮುಖ್ಯ ಕಾರ್ಯವಾಗಿತ್ತು. ಭಾರತೀಯ ನೌಕಾಪಡೆಯೂ ಮುಂದೆ ತನ್ನ ಸಾಗರ ಟಗ್‌ಗಳಿಗೆ 'ಗಜ', 'ಮಾತಂಗ' ಎಂದು ಆನೆಯ ಹೆಸರುಗಳನ್ನೇ ಇಟ್ಟಿತು.

ಎಳೆಯುವ ಬಲಕ್ಕಿಂತ ಹಗ್ಗದ ನಿರ್ವಹಣೆಯೇ ಕಠಿಣ. ಎರೆಹೊಲದಲ್ಲಿ ಹೂತ ಕಬ್ಬಿನ ಟ್ರ್ಯಾಕ್ಟರನ್ನು ಸರಪಳಿ ಕಟ್ಟಿ ಒಮ್ಮೆಲೇ ಜಗ್ಗಿದರೆ ಸರಪಳಿ ತುಂಡಾಗುತ್ತದೆ. ಅಲೆಗಳ ನಡುವೆ ಇಂತಹ ಜಗ್ಗಾಟವು ನಿರಂತರ. ಆದ್ದರಿಂದ ಉದ್ದವಾದ ಉಕ್ಕಿನ ಹಗ್ಗವನ್ನು ನೀರಿನೊಳಗೆ ಜೋಲುವಂತೆ ಬಿಡುತ್ತಾರೆ; ಆ ಜೋಲು ಸ್ಪ್ರಿಂಗಿನಂತೆ ಏಟನ್ನು ತಡೆಯುತ್ತದೆ.

1952ರ ಪಾಠ

ಯುದ್ಧಾನಂತರ ಈ ಟಗ್‌ಗಳಲ್ಲಿ ಕೆಲವನ್ನು ಖಾಸಗಿ ಸಂಸ್ಥೆಗಳಿಗೆ ಬಾಡಿಗೆಗೆ ನೀಡಲಾಯಿತು. ಅವುಗಳಲ್ಲಿ 'ಟರ್ಮಾಯಿಲ್' ಒಂದು. 1951ರ ಡಿಸೆಂಬರಿನಲ್ಲಿ ಹ್ಯಾಂಬರ್ಗ್‌ನಿಂದ ಅಮೆರಿಕೆಗೆ ಬೀಡುಕಬ್ಬಿಣ, ಕಾಫಿ ಮೊದಲಾದ ಸರಕು ಹೊತ್ತು ಹೊರಟ 'ಫ್ಲೈಯಿಂಗ್ ಎಂಟರ್‌ಪ್ರೈಸ್' ಹಡಗು ಬಿರುಗಾಳಿಗೆ ಸಿಕ್ಕಿ ಬಿರುಕುಬಿಟ್ಟು ವಾಲಿತು. ಇತರರೆಲ್ಲ ಹಡಗು ತೊರೆದರೂ ಕಪ್ತಾನ ಕರ್ಟ್ ಕಾರ್ಲ್‌ಸನ್ ಒಬ್ಬರೇ ಉಳಿದರು. ಟರ್ಮಾಯಿಲ್‌ನ ಅಧಿಕಾರಿ ಕೆನೆತ್ ಡ್ಯಾನ್ಸಿ ಆ ಹಡಗಿಗೆ ಹಾರಿ ಅವರಿಗೆ ನೆರವಾದರು. ಜನವರಿ 5ರಂದು, ಫಾಲ್ಮತ್ ಬಂದರಿನಿಂದ ಸುಮಾರು 300 ಮೈಲಿ ದೂರದಲ್ಲಿ, ಎಳೆತ ಆರಂಭವಾಯಿತು. ಬಂದರು ಸಮೀಪಿಸುತ್ತಿದ್ದಾಗ ಹಗ್ಗ ಕಡಿಯಿತು. 10ರಂದು ಹಡಗು ಮುಳುಗಿತು. ಇಬ್ಬರೂ ಬದುಕುಳಿದರು.

ಕಡಲ ರಕ್ಷಣಾ ಒಪ್ಪಂದದ ಮೂಲಸೂತ್ರ 'ಫಲವಿಲ್ಲದೆ ಹಣವಿಲ್ಲ' ಎಂಬುದು. ಲಾಯ್ಡ್ಸ್‌ನ ಪ್ರಸಿದ್ಧ ಒಪ್ಪಂದ ನಮೂನೆಯ ಆಧಾರವೂ ಇದೇ. ಸರಕು ದಡ ಸೇರದಿದ್ದರೆ ಪ್ರತಿಫಲವನ್ನು ಲೆಕ್ಕಹಾಕಲು ಮೌಲ್ಯವೇ ಇರುವುದಿಲ್ಲ. ಉಳಿದರೆ ಮಾತ್ರ ಆ ವೆಚ್ಚವು ಹಡಗು ಮತ್ತು ಸರಕುಗಳ ಮೇಲೆ ಮೌಲ್ಯಾನುಸಾರ ಹಂಚಿಕೆಯಾಗುತ್ತದೆ. ಎಲ್ಲರ ಹಿತಕ್ಕಾಗಿ ಮಾಡಿದ ಇಂತಹ ವೆಚ್ಚ, ತ್ಯಾಗಗಳ ಹಂಚಿಕೆಗೆ ವ್ಯವಹಾರದಲ್ಲಿ 'ಜನರಲ್ ಆವರೇಜ್' ಎಂದು ಹೆಸರು. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಯಲ್ಲಿ ಸಿಕ್ಕಿಬಿದ್ದ 'ಎವರ್ ಗಿವನ್' ಹಡಗಿನ ಮಾಲೀಕರು ಘೋಷಿಸಿದ್ದೂ ಇದನ್ನೇ.

ಲೆಕ್ಕದ ಉದಾಹರಣೆ

ಹಡಗಿನ ಮೌಲ್ಯ ರೂ. 60 ಕೋಟಿ, ಸರಕುಗಳ ಒಟ್ಟು ಮೌಲ್ಯ ರೂ. 40 ಕೋಟಿ, ಹಂಚಬೇಕಾದ ವೆಚ್ಚ ರೂ. 5 ಕೋಟಿ ಎಂದು ಭಾವಿಸೋಣ. ಹಂಚಿಕೆಯ ದರ ಶೇ. 5. ಬನಹಟ್ಟಿಯ ಉದ್ಯಮಿಯು ಆಮದು ಮಾಡಿದ ರೂ. 40 ಲಕ್ಷದ ಮಗ್ಗಗಳು ಅದರಲ್ಲಿದ್ದರೆ, ಆತನ ಪಾಲು ರೂ. 2 ಲಕ್ಷ. ವಿಮೆಯು ರೂ. 30 ಲಕ್ಷಕ್ಕೆ ಮಾತ್ರ ಇದ್ದರೆ, ವಿಮಾ ಕಂಪನಿಯು ಅದೇ ಪ್ರಮಾಣದಲ್ಲಿ ರೂ. 1.5 ಲಕ್ಷ ಭರಿಸುತ್ತದೆ, ಉಳಿದ ರೂ. 50,000 ಉದ್ಯಮಿಯ ಕೈಯಿಂದಲೇ ಹೋಗಬೇಕು.

ಗಮನಿಸಬೇಕಾದ ಅಂಶಗಳು

1. ವಿಮಾ ಮೊತ್ತವು ಸರಕಿನ ಪೂರ್ಣ ಮೌಲ್ಯಕ್ಕೆ ಸಮನಾಗಿರಲಿ.

2. ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್‌ನ ಎ, ಬಿ, ಸಿ ಮೂರರಲ್ಲೂ ಜನರಲ್ ಆವರೇಜ್ ಹೊಣೆ ಸೇರಿದೆ. ಪಾಲಿಸಿಯಲ್ಲಿ ಯಾವ ಕ್ಲಾಸ್ ಇದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

3. ಎಫ್‌ಒಬಿ ಮಾರಾಟದಲ್ಲಿ ಸರಕು ಹಡಗೇರಿದ ಮೇಲೆ ಅದರ ಅಪಾಯವು ಕೊಳ್ಳುವವನದು. ಸಿಐಎಫ್‌ನಲ್ಲಿ ವಿಮೆ ಮಾಡಿಸುವ ಹೊಣೆ ಮಾರುವವನದು.

4. ಜನರಲ್ ಆವರೇಜ್ ಘೋಷಣೆಯಾದರೆ, ಬಾಂಡ್ ಹಾಗೂ ವಿಮಾ ಕಂಪನಿಯ ಗ್ಯಾರಂಟಿ ಅಥವಾ ನಗದು ಠೇವಣಿ ನೀಡುವವರೆಗೆ ಹಡಗಿನ ಮಾಲೀಕರು ಸರಕನ್ನು ತಡೆಹಿಡಿಯಬಹುದು. ಸೂಚನೆ ಬಂದ ದಿನವೇ ವಿಮಾ ಕಂಪನಿಗೆ ತಿಳಿಸುವುದು ಕ್ಷೇಮ.

ಕಡಲಿನಲ್ಲಿ ಹಗ್ಗ ಕಡಿಯುವುದನ್ನು ಒಳನಾಡಿನ ವರ್ತಕನು ತಡೆಯಲಾರನು. ಆದರೆ ಅದರ ಹೊರೆಯು ತನ್ನ ಬಂಡವಾಳದ ಮೇಲೆ ಬೀಳದಂತೆ, ಸರಕು ಹೊರಡುವ ಮುನ್ನವೇ ವ್ಯವಸ್ಥೆ ಮಾಡಿಕೊಳ್ಳಬಲ್ಲನು.