ಹಾಡುವ ಹುಡುಗರ ಶಾಲೆ

ಬೆಳಗ್ಗೆ ಗಂಟೆ ಬಾರಿಸಿದ ಕೂಡಲೇ ನೀವು ಸಾಲಾಗಿ ನಿಂತು ಪ್ರಾರ್ಥನೆ ಹಾಡುತ್ತೀರಿ ಅಲ್ಲವೇ? ಐದು ನಿಮಿಷದಲ್ಲಿ ಹಾಡು ಮುಗಿಯುತ್ತದೆ. ಆಮೇಲೆ ತರಗತಿಗೆ ಹೋಗಿ ಪಾಠ ಓದುತ್ತೀರಿ. ಆದರೆ ಹಾಡಲು ಬಂದರೆ ಮಾತ್ರ ಶಾಲೆಯಲ್ಲಿ ಊಟ, ವಸತಿ ಸಿಗುತ್ತದೆ ಎಂದಿದ್ದರೆ ನೀವು ಏನು ಮಾಡುತ್ತಿದ್ದಿರಿ? ಜರ್ಮನಿ ದೇಶದಲ್ಲಿ ಬಹಳ ಹಿಂದೆ ಅಂತಹ ಶಾಲೆಗಳಿದ್ದವು. ಬಡವರ ಮಕ್ಕಳು ತಮ್ಮ ಕಂಠದ ಬಲದಿಂದಲೇ ಅಲ್ಲಿ ವಿದ್ಯೆ ಕಲಿಯುತ್ತಿದ್ದರು.

ಜರ್ಮನಿಯಲ್ಲಿ ಐಸೆನಾಕ್ ಎಂಬ ಊರಿದೆ. ಸುಮಾರು 1498ರಲ್ಲಿ ಒಬ್ಬ ಹುಡುಗ ಓದಲು ಆ ಊರಿಗೆ ಬಂದ. ಶಾಲೆ ಬಿಟ್ಟ ಮೇಲೆ ಅವನು ಗೆಳೆಯರೊಂದಿಗೆ ಮನೆ ಮನೆಯ ಮುಂದೆ ನಿಂತು ಹಾಡುತ್ತಿದ್ದ. ಮನೆಯವರು ರೊಟ್ಟಿಯ ತುಂಡು ಕೊಡುತ್ತಿದ್ದರು. ನಮ್ಮಲ್ಲಿ ಹಿಂದೆ ಬಡ ವಿದ್ಯಾರ್ಥಿಗಳು ವಾರಾನ್ನ ಮಾಡಿ ಓದುತ್ತಿದ್ದರಲ್ಲ, ಅದೂ ಹೆಚ್ಚು ಕಡಿಮೆ ಹಾಗೆಯೇ. ಆ ಹುಡುಗನ ಹೆಸರು ಮಾರ್ಟಿನ್ ಲೂಥರ್.

ಲೂಥರ್ ದೊಡ್ಡವರಾಗಿ ಕ್ರೈಸ್ತ ಧರ್ಮದಲ್ಲಿ ದೊಡ್ಡ ಬದಲಾವಣೆ ತಂದರು. ಅವರನ್ನು ಅನುಸರಿಸಿದವರ ಸಭೆಗೆ ಲೂಥರನ್ ಸಭೆ ಎಂದು ಹೆಸರು. ಅದಕ್ಕೆ ಮೊದಲು ಚರ್ಚಿನ ಆರಾಧನೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಪಾದ್ರಿಗಳೂ ಗಾಯನ ತಂಡದವರೂ ಹಾಡುತ್ತಿದ್ದರು. ರೈತ, ಬಡಗಿ, ಚಮ್ಮಾರರು ಹೆಚ್ಚಾಗಿ ನಿಂತು ಕೇಳುತ್ತಿದ್ದರು. ಅವರಲ್ಲಿ ಬಹಳ ಮಂದಿಗೆ ಅದರ ಅರ್ಥ ತಿಳಿಯುತ್ತಿರಲಿಲ್ಲ. ಎಲ್ಲರೂ ತಮ್ಮ ಮಾತಿನಲ್ಲೇ ಹಾಡಬೇಕು ಎಂದು ಲೂಥರ್ ಬಯಸಿದರು. ತಾವೇ ಜರ್ಮನ್ ಭಾಷೆಯಲ್ಲಿ ಹಾಡುಗಳನ್ನು ಬರೆದರು. ಅವರು ಲ್ಯೂಟ್ ಎಂಬ ತಂತಿವಾದ್ಯವನ್ನು ಚೆನ್ನಾಗಿ ನುಡಿಸುತ್ತಿದ್ದರು.

1524ರಲ್ಲಿ ಒಂದು ಚಿಕ್ಕ ಹಾಡಿನ ಪುಸ್ತಕ ಅಚ್ಚಾಯಿತು. ಅದರಲ್ಲಿ ಇದ್ದದ್ದು ಎಂಟೇ ಹಾಡುಗಳು. ನಾಲ್ಕು ಲೂಥರರದು. ಅದೇ ವರ್ಷ ಅವರ ಗೆಳೆಯ ಯೊಹಾನ್ ವಾಲ್ಟರ್ ಗಾಯನ ತಂಡಗಳಿಗಾಗಿ ಇನ್ನೊಂದು ಪುಸ್ತಕ ತಂದರು. ಅದರ ಮುನ್ನುಡಿಯಲ್ಲಿ ಲೂಥರ್, ಇದು ಮಕ್ಕಳಿಗೂ ಯುವಕರಿಗೂ ಬೇಕಾದ ಪುಸ್ತಕ ಎಂಬರ್ಥದಲ್ಲಿ ಬರೆದರು. ಊರೂರಿನ ಆಡಳಿತದವರು ಶಾಲೆ ತೆರೆಯಬೇಕು, ಅಲ್ಲಿ ಸಂಗೀತವನ್ನೂ ಕಲಿಸಬೇಕು ಎಂದರು. ಹಾಡಲು ಬಾರದವರು ಮೇಷ್ಟರಾಗಬಾರದು ಎಂಬುದು ಅವರ ಅಭಿಪ್ರಾಯ. ಇದು ಸ್ವಲ್ಪ ಕಠಿಣವಾಯಿತು ಎಂದು ನಿಮ್ಮ ಮೇಷ್ಟರು ಹೇಳಬಹುದು! ಆದರೆ ಹಳ್ಳಿಗಳಲ್ಲಿ ನಡೆದದ್ದು ಹಾಗೆಯೇ. ವಾರವೆಲ್ಲ ಪಾಠ ಹೇಳುವ ಮೇಷ್ಟರೇ ಭಾನುವಾರ ಚರ್ಚಿನಲ್ಲಿ ಆರ್ಗನ್ ಬಾರಿಸುತ್ತಿದ್ದರು. ಶಾಲೆಯ ಹುಡುಗರು ಮುಂದಾಗಿ ಹಾಡುತ್ತಿದ್ದರು. ಓದಲು ಬಾರದ ಹಿರಿಯರು ಮಕ್ಕಳ ದನಿ ಕೇಳಿ ಹಾಡು ಕಲಿತುಕೊಳ್ಳುತ್ತಿದ್ದರು.

ಲೂಥರರು ಹಾಡಿ ರೊಟ್ಟಿ ಬೇಡಿದ ಅದೇ ಐಸೆನಾಕಿನಲ್ಲಿ 1685ರಲ್ಲಿ ಇನ್ನೊಬ್ಬ ಹುಡುಗ ಹುಟ್ಟಿದ. ಅವನೇ ಯೊಹಾನ್ ಸೆಬಾಸ್ಟಿಯನ್ ಬಾಖ್. ಅವನ ವಂಶವೇ ಸಂಗೀತಗಾರರ ವಂಶ. ಲೂಥರ್ ಓದಿದ ಶಾಲೆಯಲ್ಲೇ ಅವನೂ ಓದಿದ. ಶಾಲೆಯ ಹಾಜರಿ ಪುಸ್ತಕದ ಲೆಕ್ಕ ಇಂದಿಗೂ ಉಳಿದಿದೆ. ಒಂದು ವರ್ಷ ಅವನು 103 ಹೊತ್ತು ಶಾಲೆಗೆ ಹೋಗಿಲ್ಲ. ಕಾರಣ ತಿಳಿದರೆ ಅವನನ್ನು ಯಾರೂ ಬೈಯಲಾರರು. 1694ರಲ್ಲಿ ತಾಯಿ ತೀರಿಕೊಂಡರು. ಒಂದು ವರ್ಷ ತುಂಬುವ ಮೊದಲೇ ತಂದೆಯೂ ಹೋದರು. ಹತ್ತು ವರ್ಷವೂ ತುಂಬದ ಹುಡುಗ ತಬ್ಬಲಿಯಾದ.

ದೊಡ್ಡಣ್ಣ ಅವನನ್ನು ಓರ್ಡ್ರುಫ್ ಎಂಬ ಊರಿಗೆ ಕರೆದುಕೊಂಡು ಹೋದ. ಅಣ್ಣನ ಬಳಿ ಒಳ್ಳೆಯ ಸಂಗೀತದ ಒಂದು ಪುಸ್ತಕವಿತ್ತು. ತಮ್ಮ ಎಷ್ಟು ಕೇಳಿದರೂ ಅವನು ಕೊಡಲಿಲ್ಲ. ಪುಸ್ತಕ ಇದ್ದ ಬೀರುವಿಗೆ ಸರಳಿನ ಜಾಲರಿಯ ಬಾಗಿಲು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹುಡುಗ ತನ್ನ ಪುಟ್ಟ ಕೈಯನ್ನು ಜಾಲರಿಯೊಳಗೆ ತೂರಿಸುತ್ತಿದ್ದ. ಪುಸ್ತಕವನ್ನು ಸುರುಳಿ ಸುತ್ತಿ ಹೊರಗೆ ಎಳೆಯುತ್ತಿದ್ದ. ದೀಪ ಹಚ್ಚುವಂತಿರಲಿಲ್ಲ. ಬೆಳದಿಂಗಳಲ್ಲೇ ಕುಳಿತು ಬರೆದುಕೊಳ್ಳುತ್ತಿದ್ದ. ಆರು ತಿಂಗಳಲ್ಲಿ ನಕಲು ಮುಗಿಯಿತು. ಅಷ್ಟರಲ್ಲಿ ಅಣ್ಣನ ಕಣ್ಣಿಗೆ ಬಿತ್ತು! ಅವನು ಆ ನಕಲನ್ನೂ ಕಿತ್ತುಕೊಂಡ. ಬಾಖ್ ತೀರಿಕೊಂಡ ಮೇಲೆ 1754ರಲ್ಲಿ ಅಚ್ಚಾದ ಅವರ ಜೀವನದ ಬರಹದಲ್ಲಿ ಈ ಕಥೆ ಇದೆ.

1700ರಲ್ಲಿ ಸೆಬಾಸ್ಟಿಯನ್‌ಗೆ ಹದಿನೈದು ವರ್ಷ. ಅಣ್ಣನ ಮನೆಯಲ್ಲಿ ಮಕ್ಕಳು ಹೆಚ್ಚಾಗಿದ್ದರು. ಅವನು ಎರ್ಡ್‌ಮಾನ್ ಎಂಬ ಗೆಳೆಯನ ಜೊತೆ ಉತ್ತರಕ್ಕೆ ಹೊರಟ. ಹೋಗಬೇಕಾದ ಊರು ಲ್ಯೂನೆಬುರ್ಗ್. ದಾರಿ 300 ಕಿಲೋಮೀಟರಿಗೂ ಹೆಚ್ಚು. ಅಲ್ಲಿನ ಸಂತ ಮೈಕೆಲ್ ಶಾಲೆಯಲ್ಲಿ ಒಳ್ಳೆಯ ಕಂಠವಿದ್ದ ಬಡ ಹುಡುಗರಿಗೆ ಊಟ, ವಸತಿ, ಪಾಠ ಎಲ್ಲವೂ ಉಚಿತ. ಕೈಗೆ ಸ್ವಲ್ಪ ಹಣವೂ ಸಿಗುತ್ತಿತ್ತು. ಸೆಬಾಸ್ಟಿಯನ್‌ನ ದನಿ ಇಂಪಾಗಿತ್ತು. ಅವನನ್ನು ಸೇರಿಸಿಕೊಂಡರು.

ಸ್ವಲ್ಪ ಕಾಲದಲ್ಲೇ ಒಂದು ಆಪತ್ತು ಬಂತು. ಒಂದು ದಿನ ತಂಡದಲ್ಲಿ ಹಾಡುತ್ತಿದ್ದಾಗ ಮೇಲಿನ ಸ್ವರದ ಜೊತೆಗೆ ಅದೇ ಸ್ವರ ಕೆಳಗಿನ ಸ್ಥಾಯಿಯಲ್ಲೂ ಕೇಳಿಸಿತು. ಎರಡೂ ಬಂದದ್ದು ಅವನ ಗಂಟಲಿನಿಂದಲೇ! ಎಂಟು ದಿನ ಮಾತನಾಡಿದರೂ ಹಾಡಿದರೂ ಎರಡೆರಡು ದನಿ. ಆಮೇಲೆ ಇಂಪಾದ ಎಳೆಯ ದನಿ ಹೋಗಿಯೇಬಿಟ್ಟಿತು. ಬೆಳೆಯುವ ಹುಡುಗರಿಗೆಲ್ಲ ದನಿ ಒಡೆಯುತ್ತದೆ. ಆದರೆ ಆ ದನಿಯೇ ಅವನಿಗೆ ಅನ್ನ ಕೊಡುತ್ತಿತ್ತು. ಈಗ ಏನು ಗತಿ? ಪುಣ್ಯಕ್ಕೆ ಅವನಿಗೆ ಪಿಟೀಲು, ಆರ್ಗನ್ ಎರಡೂ ಬರುತ್ತಿದ್ದವು. ಹಾಗಾಗಿ ಶಾಲೆ ತಪ್ಪಲಿಲ್ಲ.

ಮುಂದೆ 1723ರಲ್ಲಿ ಬಾಖ್ ಲೈಪ್‌ಜಿಗ್ ನಗರದ ಸಂತ ಥಾಮಸ್ ಶಾಲೆಗೆ ಸಂಗೀತದ ಗುರುಗಳಾಗಿ ಬಂದರು. ಆ ಹುದ್ದೆಗೆ ಕಾಂಟರ್ ಎಂದು ಹೆಸರು. 1212ರಲ್ಲಿ ಹುಟ್ಟಿದ ಆ ಶಾಲೆಯಲ್ಲಿ ಐವತ್ತಕ್ಕಿಂತ ಸ್ವಲ್ಪ ಹೆಚ್ಚು ಹುಡುಗರು ಉಳಿದುಕೊಂಡು ಓದುತ್ತಿದ್ದರು. ಬಾಖ್ ಅವರ ಸಂಸಾರವೂ ಅದೇ ಕಟ್ಟಡದಲ್ಲಿ ವಾಸವಾಗಿತ್ತು. ಹುಡುಗರು ನಗರದ ನಾಲ್ಕು ಚರ್ಚುಗಳಲ್ಲಿ ಹಾಡಬೇಕು. ಮದುವೆಯಲ್ಲಿ ಹಾಡಬೇಕು. ಶವಯಾತ್ರೆಯಲ್ಲಿ ಹಾಡುತ್ತಾ ನಡೆಯಬೇಕು. ಹೊಸ ವರ್ಷದ ಚಳಿಯಲ್ಲಿ ಬೀದಿ ಬೀದಿ ತಿರುಗಿ ಹಾಡಬೇಕು. ಬಂದ ಹಣದಲ್ಲಿ ಗುರುಗಳಿಗೂ ಪಾಲು, ಹುಡುಗರಿಗೂ ಪಾಲು. ಬಾಖ್ ಮೊದಲ ಕೆಲವು ವರ್ಷ ಹೆಚ್ಚು ಕಡಿಮೆ ಪ್ರತಿ ಭಾನುವಾರಕ್ಕೂ ಹೊಸ ಸಂಗೀತ ರಚಿಸಿದರು. ಹಾಡುವವರಿಗೂ ನುಡಿಸುವವರಿಗೂ ಬೇರೆ ಬೇರೆ ಹಾಳೆ ಬೇಕಲ್ಲವೇ? ಆಗ ನಕಲು ತೆಗೆಯುವ ಯಂತ್ರವಿರಲಿಲ್ಲ. ಶಾಲೆಯ ಹುಡುಗರೂ ಬಾಖ್ ಅವರ ಮನೆಯವರೂ ಕೂತು ಕೈಯಲ್ಲೇ ಬರೆಯುತ್ತಿದ್ದರು.

1730ರಲ್ಲಿ ಬಾಖ್ ನಗರಸಭೆಗೆ ಒಂದು ಮನವಿ ಬರೆದರು. ಒಂದೊಂದು ತಂಡಕ್ಕೆ ಕನಿಷ್ಠ 12 ಮಂದಿ ಗಾಯಕರಾದರೂ ಬೇಕು, 16 ಇದ್ದರೆ ಇನ್ನೂ ಒಳ್ಳೆಯದು ಎಂದರು. ಆಮೇಲೆ ತಮ್ಮ ಹುಡುಗರ ಲೆಕ್ಕ ಕೊಟ್ಟರು. ಹಾಡಬಲ್ಲವರು 17. ಇನ್ನೂ ಕಲಿಯಬೇಕಾದವರು 20. ಏನು ಮಾಡಿದರೂ ಬಾರದವರು 17. ತೀರ ಹಾಡು ಬಾರದವರನ್ನು ಎಲ್ಲಕ್ಕಿಂತ ಚಿಕ್ಕ ಕೆಲಸದ ಸಂತ ಪೀಟರ್ ಚರ್ಚಿಗೆ ಕಳುಹಿಸುತ್ತಿದ್ದರು. ಅಲ್ಲಿ ಸುಲಭವಾದ ಹಾಡು ಹಾಡಿದರೆ ಸಾಕಿತ್ತು. ಕಂಠ ನೋಡದೆ ಹುಡುಗರನ್ನು ಸೇರಿಸುತ್ತಾರೆ ಎಂಬುದು ಬಾಖ್ ಅವರ ದೂರು. ಅದೇ ವರ್ಷ ಅವರು ತಮ್ಮ ಜೊತೆ ಲ್ಯೂನೆಬುರ್ಗಿಗೆ ಬಂದಿದ್ದ ಹಳೆಯ ಗೆಳೆಯ ಎರ್ಡ್‌ಮಾನ್‌ಗೂ ಕಾಗದ ಬರೆದರು. ಊರಿನ ಗಾಳಿ ಚೆನ್ನಾಗಿದ್ದು ಸಾವು ಕಡಿಮೆಯಾದರೆ ತಮ್ಮ ವರಮಾನವೂ ಕಡಿಮೆ ಎಂದು ಅದರಲ್ಲಿ ಹೇಳಿಕೊಂಡರು. ಓದಿದರೆ ನಗು ಬರುತ್ತದೆ, ಪಾಪ ಎಂದೂ ಅನ್ನಿಸುತ್ತದೆ.

1734ರಲ್ಲಿ ಎರ್ನೆಸ್ಟಿ ಎಂಬ ತರುಣರು ಮುಖ್ಯೋಪಾಧ್ಯಾಯರಾದರು. ಅವರು ದೊಡ್ಡ ವಿದ್ವಾಂಸರು. ಹುಡುಗರು ಹಾಡಿನಲ್ಲೇ ಹೊತ್ತು ಕಳೆದರೆ ಓದುವುದು ಯಾವಾಗ ಎಂಬುದು ಅವರ ಯೋಚನೆ. ಅವರಿಗೂ ಬಾಖ್ ಅವರಿಗೂ ಜಗಳವೇ ಆಯಿತು. ಶವಯಾತ್ರೆಯಲ್ಲಿ ನೆನೆದು ಬಂದ ಹುಡುಗನಿಗೆ ಲ್ಯಾಟಿನ್ ವ್ಯಾಕರಣ ತಲೆಗೆ ಹತ್ತುವುದು ಕಷ್ಟವೇ. ಆದರೆ ಹಾಡು ಇಲ್ಲದಿದ್ದರೆ ಅವರಲ್ಲಿ ಅನೇಕರಿಗೆ ಆ ಶಾಲೆಯ ಬಾಗಿಲೇ ತೆರೆಯುತ್ತಿರಲಿಲ್ಲ.

ಲೂಥರನ್ ಸಭೆಯ ಹಾಡು ಕಡಲು ದಾಟಿ ನಮ್ಮ ದೇಶಕ್ಕೂ ಬಂತು. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಸೀಗನ್‌ಬಾಲ್ಗ್ ಎಂಬ ಪಾದ್ರಿ ಬಂದರು. ಅಲ್ಲಿನ ಶಾಲೆಯ ಮಕ್ಕಳು ಜರ್ಮನ್ ರಾಗಗಳಿಗೆ ತಮಿಳು ಮಾತು ಸೇರಿಸಿ ಹಾಡಿದರು. ತಂಜಾವೂರಿನಲ್ಲಿ ಕಲಿತ ವೇದನಾಯಕ ಶಾಸ್ತ್ರಿಗಳು ನಮ್ಮ ಸಂಗೀತದ ರೀತಿಯಲ್ಲೇ ಕ್ರೈಸ್ತ ಕೀರ್ತನೆಗಳನ್ನು ರಚಿಸಿದರು. ಕನ್ನಡ ನಿಘಂಟು ಬರೆದ ಕಿಟ್ಟೆಲ್ ಅವರ ತಂದೆಯೂ ಲೂಥರನ್ ಪಾದ್ರಿ. ಕಿಟ್ಟೆಲ್ ಮಾತ್ರ ಬಾಸೆಲ್ ಮಿಶನ್ನಿನಿಂದ ಬಂದವರು. ಅವರು ಯೇಸುವಿನ ಚರಿತ್ರೆಯನ್ನು ನಮ್ಮ ದೇಶದ ಛಂದಸ್ಸಿನಲ್ಲೇ ಬರೆದು 1862ರಲ್ಲಿ ‘ಕಥಾಮಾಲೆ’ ಎಂದು ಪ್ರಕಟಿಸಿದರು.

ಸಂತ ಥಾಮಸ್ ಶಾಲೆಯ ಹುಡುಗರ ಗಾಯನ ತಂಡ 2012ರಲ್ಲಿ 800 ವರ್ಷ ತುಂಬಿದ ಹಬ್ಬ ಆಚರಿಸಿತು. ಈಗಲೂ ಆ ಹುಡುಗರು ಲೈಪ್‌ಜಿಗ್‌ನ ಚರ್ಚಿನಲ್ಲಿ ಹಾಡುತ್ತಾರೆ. ಬಾಖ್ ಅವರ ಸಮಾಧಿ ಅದೇ ಚರ್ಚಿನೊಳಗಿದೆ.

ಅಭ್ಯಾಸ

ಪದಗಳ ಅರ್ಥ
ವಾರಾನ್ನ – ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಮಾಡುವುದು
ತಬ್ಬಲಿ – ತಂದೆ ತಾಯಿ ಇಲ್ಲದ ಮಗು
ಸ್ಥಾಯಿ – ಸಂಗೀತದಲ್ಲಿ ದನಿಯ ಮಟ್ಟ
ವರಮಾನ – ಆದಾಯ

ಪ್ರಶ್ನೆಗಳು
1. ಲೂಥರ್ ಜರ್ಮನ್ ಭಾಷೆಯಲ್ಲಿ ಹಾಡು ಬರೆದದ್ದು ಏಕೆ?
2. ದನಿ ಒಡೆದಾಗ ಸೆಬಾಸ್ಟಿಯನ್‌ಗೆ ಯಾವ ಭಯವಿತ್ತು? ಅವನು ಹೇಗೆ ಪಾರಾದ?
3. ಬಾಖ್ ಕೊಟ್ಟ ಲೆಕ್ಕದಂತೆ ಒಟ್ಟು ಹುಡುಗರು ಎಷ್ಟು? ಅವರ ದೂರು ಏನು?
4. ಬಾಖ್, ಎರ್ನೆಸ್ಟಿ – ಇವರಲ್ಲಿ ಯಾರ ಮಾತು ನಿಮಗೆ ಸರಿ ಎನಿಸುತ್ತದೆ? ಕಾರಣ ಬರೆಯಿರಿ.

ಮಾಡಿ ನೋಡಿ
ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರು ಶಾಲೆಯಲ್ಲಿ ಕಲಿತ ಒಂದು ಹಾಡನ್ನು ಬರೆದುಕೊಳ್ಳಿ. ತರಗತಿಯಲ್ಲಿ ಎಲ್ಲರೂ ಸೇರಿ ಹಾಡಿ.