ದೂರು ಸಲ್ಲಿಸಿದ ಮೇಲೆ ಮನಸ್ಸಿನ ಆರೈಕೆ

ಮನೋಚಿಕಿತ್ಸೆಯು ನಂಬಿಕೆಯ ಮೇಲೆ ನಿಂತ ಚಿಕಿತ್ಸೆ. ಶಸ್ತ್ರವೈದ್ಯರಿಗೆ ನಾವು ದೇಹವನ್ನು ಒಪ್ಪಿಸಿದರೆ, ಮನೋಚಿಕಿತ್ಸಕರಿಗೆ ನಮ್ಮ ಗುಟ್ಟು, ಭಯ, ಅಪಮಾನಗಳನ್ನು ಒಪ್ಪಿಸುತ್ತೇವೆ. ಅವರೇ ಆ ಗುಟ್ಟನ್ನು ಹೊರಗೆ ಆಡಿದರೆ, ನಮ್ಮ ದುರ್ಬಲ ಗಳಿಗೆಯನ್ನು ಹಣಕ್ಕೋ ಕಾಮಕ್ಕೋ ಬಳಸಿಕೊಂಡರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಅಂತಹವರ ಮೇಲೆ ದೂರು ಕೊಡುವ ಬಗೆಯನ್ನು ತಿಳಿಸುವವರು ಸಿಕ್ಕಾರು. ಕೊಟ್ಟ ಮರುದಿನದಿಂದ ಬಾಳುವ ಬಗೆಯನ್ನು ಹೇಳುವವರು ವಿರಳ. ಅದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಗೊಂದಲದ ಮೂಲ

ದೂರನ್ನು ಅಂಚೆಗೆ ಹಾಕಿದೊಡನೆ ಎದೆಯ ಭಾರ ಇಳಿಯುವುದೆಂದು ಅನೇಕರು ನಂಬಿರುತ್ತಾರೆ. ಆದರೆ ಕೆಲವು ದಿನಗಳ ನಿರಾಳದ ಬಳಿಕ ಕೋಪ, ಅಂಜಿಕೆ, ನಿದ್ರಾಹೀನತೆಗಳು ತಲೆದೋರುತ್ತವೆ. ವೈದ್ಯರನ್ನು ನಾರಾಯಣನೆಂದು ಕಾಣುವ ಸಂಸ್ಕಾರದಲ್ಲಿ ಬೆಳೆದ ನಮಗೆ 'ಒಬ್ಬರ ಅನ್ನಕ್ಕೆ ಕಲ್ಲು ಹಾಕಿದೆನೇ' ಎಂಬ ಅಳುಕೂ ಕಾಡುತ್ತದೆ. ಇದೆಲ್ಲಕ್ಕಿಂತ ವಿಚಿತ್ರವಾದುದು, ನೋಯಿಸಿದ ಆ ಚಿಕಿತ್ಸಕರನ್ನೇ ಮತ್ತೊಮ್ಮೆ ಕಂಡು ಮಾತನಾಡಬೇಕೆಂಬ ಹಂಬಲ. 'ಹಾಗಾದರೆ ನನ್ನ ದೂರೇ ಸುಳ್ಳೇ?' ಎಂದು ಮನಸ್ಸು ತನ್ನನ್ನು ತಾನೇ ಪ್ರಶ್ನಿಸತೊಡಗುತ್ತದೆ.

ಸುಳ್ಳಲ್ಲ. ತಂದೆತಾಯಿಗಳ ಬಗ್ಗೆ, ಆಪ್ತರ ಬಗ್ಗೆ ಇದ್ದ ಪ್ರೀತಿ, ಅವಲಂಬನೆಗಳು ಚಿಕಿತ್ಸೆಯ ಕೋಣೆಯಲ್ಲಿ ಚಿಕಿತ್ಸಕರತ್ತ ಹರಿಯುವುದು ಸಹಜ. ಇದಕ್ಕೆ ಭಾವವರ್ಗಾವಣೆ ಎನ್ನಬಹುದು. ಇಂತಹ ಪ್ರೀತಿಯನ್ನು ಹುಟ್ಟಿಸುವುದು ಚಿಕಿತ್ಸೆಯ ಸನ್ನಿವೇಶವೇ ಹೊರತು ವೈದ್ಯನ ವೈಯಕ್ತಿಕ ಆಕರ್ಷಣೆಯಲ್ಲ, ಅದರಿಂದ ಅವನು ಲಾಭ ಪಡೆಯಕೂಡದು ಎಂದು ಸಿಗ್ಮಂಡ್ ಫ್ರಾಯ್ಡ್ 1915ರಲ್ಲಿಯೇ ಬರೆದನು. ರೋಗಿಗಳೊಡನೆ ಕಾಮಸಂಬಂಧವನ್ನೂ ಗುಟ್ಟು ರಟ್ಟು ಮಾಡುವುದನ್ನೂ ಹಿಪ್ಪೊಕ್ರೆಟಿಸ್‌ನ ಹೆಸರಿನ ಪ್ರಾಚೀನ ಪ್ರತಿಜ್ಞೆಯು ನಿಷೇಧಿಸಿದೆ. ಎಲ್ಲೆಯನ್ನು ಕಾಯುವ ಹೊಣೆ ಚಿಕಿತ್ಸಕರದು. ರೋಗಿಗೆ ಅವರ ಮೇಲೆ ಮಮತೆ ಇತ್ತೆಂಬುದರಿಂದ ಆ ಹೊಣೆ ಕಡಿಮೆಯಾಗದು. ಹಂಬಲವು ಇನ್ನೂ ಉಳಿದಿದ್ದರೆ ಅದು ಕಳೆದುಕೊಂಡ ಆಸರೆಗಾಗಿ ಮನಸ್ಸು ಪಡುವ ಶೋಕವೇ ವಿನಾ ದೂರಿನ ವಿರುದ್ಧದ ಸಾಕ್ಷ್ಯವಲ್ಲ.

ಹೊರನಾಡಿನಲ್ಲಿ ಈ ಶೋಕಕ್ಕೆ ಇನ್ನೊಂದು ಮುಖವುಂಟು. ಕಚೇರಿಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿಯೋ ಹಿಂದಿಯೋ ಆಡುವ ನಮಗೆ, ಅಳುವಾಗ ಬರುವುದು ಕನ್ನಡವೇ. ಮುಂಬಯಿಯಲ್ಲೋ ದೆಹಲಿಯಲ್ಲೋ ಕನ್ನಡ ಬಲ್ಲ ಚಿಕಿತ್ಸಕರು ದೊರೆತಿದ್ದು, ಅವರಿಂದಲೇ ಮೋಸವಾದರೆ, ಆಸರೆಯೊಡನೆ ತಾಯಿನುಡಿಯಲ್ಲಿ ನೋವನ್ನು ಹೇಳಿಕೊಳ್ಳುವ ಒಂದು ಜಾಗವೂ ಇಲ್ಲವಾಗುತ್ತದೆ. ನಮ್ಮ ವಲಯವೂ ಚಿಕ್ಕದು. ರಾಜ್ಯೋತ್ಸವದ ಸಭೆಯಲ್ಲಿ ಅವರೇ ಎದುರಾಗಬಹುದು.

ಕಾಯುವ ಕಾಲ

ಮನೋವೈದ್ಯರ ಮೇಲಿನ ದೂರು ರಾಜ್ಯ ವೈದ್ಯಕೀಯ ಪರಿಷತ್ತಿಗೆ ಹೋಗುತ್ತದೆ. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರ ನೋಂದಣಿಯು ಭಾರತೀಯ ಪುನರ್ವಸತಿ ಪರಿಷತ್ತಿನದು. ಸಂಸ್ಥೆಯ ಸೇವೆಯಲ್ಲಿನ ಲೋಪವನ್ನು ಅಲ್ಲಿನ ಮುಖ್ಯಸ್ಥರಿಗೂ, ಸಮಾಧಾನವಾಗದಿದ್ದರೆ ಮೇಲಿನ ಮಂಡಳಿಗೂ ತಿಳಿಸುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನೀಡಿದೆ. ವೈದ್ಯರ ಮೇಲಿನ ದೂರು 6 ತಿಂಗಳೊಳಗೆ ತೀರ್ಮಾನವಾಗಬೇಕೆಂದು 2002ರ ವೈದ್ಯನೀತಿ ನಿಯಮಗಳು ಹೇಳಿದರೂ ಕಾಲ ಲಂಬಿಸುವುದುಂಟು. ಆದುದರಿಂದ ತೀರ್ಪು ಬಂದ ಮೇಲೆಯೇ ನೆಮ್ಮದಿ ಎಂದು ಕುಳಿತರೆ ನಮ್ಮ ಆರೋಗ್ಯದ ಕೀಲಿಕೈಯನ್ನು ಪರರ ಕಡತದೊಳಗೆ ಇಟ್ಟಂತಾಗುತ್ತದೆ. ದೂರಿನ ದಾರಿ ಬೇರೆ, ಗುಣವಾಗುವ ದಾರಿ ಬೇರೆ. ಎರಡನೆಯ ದಾರಿಗೆ ನೆರವಾಗುವ ಕೆಲವು ಸೂಚನೆಗಳು ಇವು:

1. ದೂರಿನ ಕಾಗದಪತ್ರಗಳನ್ನೆಲ್ಲ ಒಂದೇ ಕಡತದಲ್ಲಿಡಿ. ವಾರಕ್ಕೆ ಒಂದು ಹೊತ್ತನ್ನು ಅದಕ್ಕೆ ಮೀಸಲಿಟ್ಟು, ಉಳಿದ ದಿನ ಅದನ್ನು ತೆರೆಯಬೇಡಿ. ರಾತ್ರಿಯಂತೂ ಬೇಡವೇ ಬೇಡ.

2. ಎದುರು ಪಕ್ಷದ ಉತ್ತರದಲ್ಲಿ ನಿರಾಕರಣೆ ಇರಬಹುದು. ನಿಮ್ಮ ಕಾಯಿಲೆಯನ್ನೇ ನೆಪವಾಗಿಸಿ 'ಇದು ಭ್ರಮೆ' ಎಂದೂ ಬರೆದಿರಬಹುದು. ಅದನ್ನು ಒಬ್ಬರೇ ಓದದೆ, ಹಗಲು ಹೊತ್ತಿನಲ್ಲಿ, ಆಪ್ತರೊಬ್ಬರ ಜೊತೆಯಲ್ಲಿ ಓದಿ.

3. ಅದೇ ವೈದ್ಯರು ಬರೆದುಕೊಟ್ಟ ಔಷಧಿಯನ್ನು ಸಿಟ್ಟಿನಿಂದ ಥಟ್ಟನೆ ನಿಲ್ಲಿಸಬೇಡಿ, ಮರುಕಳಿಕೆಯ ಅಪಾಯವಿದೆ. ಚಿಕಿತ್ಸೆಯ ದಾಖಲೆಯ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ. ಅದರೊಡನೆ ಬೇರೆ ವೈದ್ಯರನ್ನು ಕಾಣಿರಿ.

4. ಹೊಸ ಚಿಕಿತ್ಸಕರನ್ನು ಮೊದಲ ದಿನವೇ ಪೂರ್ತಿ ನಂಬಬೇಕಾಗಿಲ್ಲ. ಅವರ ನೋಂದಣಿ, ಗೋಪ್ಯತೆಯ ನಿಯಮ, ಭೇಟಿಯ ಎಲ್ಲೆಗಳನ್ನು ವಿಚಾರಿಸಿ. ಒಳ್ಳೆಯ ಚಿಕಿತ್ಸಕರು ಅದಕ್ಕೆ ಬೇಸರಿಸುವುದಿಲ್ಲ.

5. ವಿಷಯವನ್ನು ನಂಬಿಕಸ್ಥರಾದ ಇಬ್ಬರಿಗಷ್ಟೇ ತಿಳಿಸಿ. ಸಮಾರಂಭದಲ್ಲಿ ಆ ವ್ಯಕ್ತಿ ಎದುರಾದರೆ ಏನು ಮಾಡುವುದೆಂದು ಮುಂಚೆಯೇ ಗೊತ್ತುಮಾಡಿಕೊಳ್ಳಿ. ಮಾತಿಲ್ಲದೆ ಎದ್ದು ಬರುವುದು ಹೇಡಿತನವಲ್ಲ.

6. ಎರಡು ವಾರ ಕಳೆದರೂ ನಿದ್ರೆ, ಹಸಿವು ಮರಳದಿದ್ದರೆ ವೈದ್ಯರ ಸಲಹೆ ಬೇಕು. ಸಾಯಬೇಕೆನಿಸಿದರೆ ಒಂದು ಗಳಿಗೆಯೂ ತಡಮಾಡದೆ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಶುಲ್ಕವಿಲ್ಲದೆ ಕರೆ ಮಾಡಬಹುದು; ಕನ್ನಡವೂ ಅದರ ಭಾಷೆಗಳಲ್ಲೊಂದು.

ಬಂಧುಮಿತ್ರರಿಗೆ ಎರಡು ಮಾತು

'ನಡೆದದ್ದೇನು, ಬಿಡಿಸಿ ಹೇಳು' ಎಂದು ಕೆದಕಬೇಡಿ. 'ಹೋಗಲಿ, ಮರೆತುಬಿಡು' ಎಂದು ಅವಸರಪಡಿಸಲೂ ಬೇಡಿ. ವಿಚಾರಣೆಯ ದಿನ ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತಿರುವುದು ನೂರು ಉಪದೇಶಗಳಿಗಿಂತ ಮೇಲು.

ತೀರ್ಪು ಹೇಗೂ ಬರಬಹುದು. ಸಾಕ್ಷಿಯಿಲ್ಲದ ಕೋಣೆಯಲ್ಲಿ ನಡೆದುದನ್ನು ಸಾಬೀತುಪಡಿಸುವುದು ಕಷ್ಟ. ದೂರು ವಜಾ ಆದ ಮಾತ್ರಕ್ಕೆ ಅದು ಸುಳ್ಳೆಂದಾಗಲಿಲ್ಲ. ತಪ್ಪಿತಸ್ಥರಿಗೆ ಶಿಕ್ಷೆಯಾದಾಗಲೂ ಸಂತೋಷದ ಬದಲು ಒಂದು ಬರಿದುತನ ಆವರಿಸಬಹುದು. ಎರಡಕ್ಕೂ ಮನಸ್ಸನ್ನು ಮೊದಲೇ ಅಣಿಗೊಳಿಸಿಕೊಂಡವರು ಕುಸಿಯುವುದು ಕಡಿಮೆ. ತಮಗಾದ ಅನ್ಯಾಯವನ್ನು ಸ್ಪಷ್ಟವಾದ ಮಾತಿನಲ್ಲಿ ಬರೆದು, ಸಹಿ ಹಾಕಿ, ಕೇಳಬೇಕಾದವರ ಮುಂದಿಟ್ಟ ದಿನವೇ ಅವರು ತಮ್ಮ ಪಾಲಿನ ಕರ್ತವ್ಯವನ್ನು ಮುಗಿಸಿದ್ದಾರೆ. ಇನ್ನುಳಿದುದು ತಮ್ಮನ್ನು ತಾವು ಸಲಹಿಕೊಳ್ಳುವ ಕೆಲಸ. ಅದಕ್ಕೆ ಯಾವ ಪರಿಷತ್ತಿನ ಅಪ್ಪಣೆಯೂ ಬೇಕಾಗಿಲ್ಲ.